ಚಿಲಕವಿರುವ ಒಂದು ಕೋಣೆ

ಬಾಡಿಗೆಗೆ ಕೊಟ್ಟ ಕೋಣೆಯೊಳಗೆ, ಒಳಗಿರುವವರು ಕರೆಯದ ಹೊರತು, ಯಾರೂ ಕಾಲಿಡಕೂಡದು. ನಾನು ಓದಿದ ಇಂಗ್ಲಿಷ್ ಶಾಲೆಯ ಹಾಸ್ಟೆಲಿನಲ್ಲಿ ಇದನ್ನು ಬರೆದು ಗೋಡೆಗೆ ತೂಗುಹಾಕಿದ್ದರು. ನಮ್ಮ ಮಂಡ್ಯದ ಸೀಮೆಯಲ್ಲಿ ಈ ನಿಯಮ ದಿನವೂ ಮುರಿಯುತ್ತದೆ, ಅದೂ ಪ್ರೀತಿಯಿಂದ. ಬಾಗಿಲು ಹಾಕಿಕೊಂಡರೆ ಸಾಕು, ಮೈಗೆ ಹುಷಾರಿಲ್ಲವೇನೋ ಎಂದು ವಿಚಾರಿಸಲು ನಾಲ್ಕು ಜನ ಅದನ್ನು ತಳ್ಳಿಕೊಂಡು ಬರುತ್ತಾರೆ.

ಯುದ್ಧದ ಕಾಲ. ನಾನು ಮಂಡ್ಯದಲ್ಲಿ ಮೇಷ್ಟರು. ಮನೆಯಲ್ಲಿ ಹದಿನಾಲ್ಕು ಜನ, ನನ್ನ ಹೆಂಡತಿ ಹಿರಿಸೊಸೆ. ಮದುವೆಯಾಗಿ ಆರು ವರ್ಷವಾದರೂ ಅವಳು ನನ್ನನ್ನು ಏನೂ ಕೇಳಿದವಳಲ್ಲ. ಒಂದು ದಿನ ನನ್ನ ಅಟ್ಲಾಸಿನ ಧೂಳು ಒರೆಸುತ್ತಾ ಕೇಳಿದಳು: "ದ್ವೀಪ ಅಂದ್ರೆ ಸುತ್ತಲೂ ನೀರು, ಅಲ್ವೇ? ಯಾರೂ ಬಂದು ಕರೆಯೋ ಹಾಗಿಲ್ಲ?"

"ಶಿವನಸಮುದ್ರವೂ ದ್ವೀಪವೇ," ಎಂದೆ. "ಆದರೆ ಸೇತುವೆ ಇದೆ."

"ಇರಲಿ ಬಿಡಿ. ಎರಡು ದಿನ ಕರ್ಕೊಂಡು ಹೋಗಿ."

ದಸರೆಯ ರಜದಲ್ಲಿ ನಾಲ್ಕು ದಿನ ಬಿಡಿಸಿಕೊಂಡೆ. ಒಳಗಿನಿಂದ ಚಿಲಕ ಹಾಕಬಹುದಾದ, ಶುಚಿಯಾದ, ಮೇಷ್ಟರ ಕೈಗೆಟುಕುವ ಒಂದು ಕೋಣೆ ಕೊಡಿಸುತ್ತೇನೆ ಎಂದು ಮಾತು ಕೊಟ್ಟೆ.

*ಮದ್ದೂರು*

ರೈಲು ಇಳಿದಾಗ ಮಳವಳ್ಳಿಗೆ ಹೋಗುವ ಇದ್ದಿಲ ಗ್ಯಾಸಿನ ಬಸ್ಸು ಕೆಟ್ಟು ಕೂತಿತ್ತು. ಒಬ್ಬ ನಿವೃತ್ತ ಗುಮಾಸ್ತರ ಮನೆಯ ಮಹಡಿಯ ಕೋಣೆ ಸಿಕ್ಕಿತು. ಸುಣ್ಣ ಹೊಸದು, ಚಿಲಕ ಗಟ್ಟಿ. ನಿಯಮ ವಿವರಿಸಿದೆ. ಅವರು ಮೂರು ಸಲ ತಲೆಯಾಡಿಸಿದರು.

ಅರ್ಧ ಗಂಟೆಯಲ್ಲಿ ಬಾಗಿಲು ತಟ್ಟಿದರು. "ತಪ್ಪು ತಿಳೀಬೇಡಿ ಮೇಷ್ಟ್ರೇ. ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬಂದುಬಿಟ್ಟಿದ್ದಾರೆ. ಕುರ್ಚಿ ಇರೋದು ಇದೊಂದೇ ಕೋಣೇಲಿ."

ನಾನು ಉತ್ತರ ಹುಡುಕುವಷ್ಟರಲ್ಲಿ ಒಂಬತ್ತು ಜನ ಒಳಗಿದ್ದರು. ನನ್ನ ಹೆಂಡತಿಯನ್ನು ಹೆಂಗಸರು ಹುಡುಗಿಗೆ ಹೂ ಮುಡಿಸಲು ಎಳೆದುಕೊಂಡು ಹೋದರು. ನಾನು ಹಾಸಿಗೆ ಸುರುಳಿಯ ಮೇಲೆ ಕೂತೆ. ವರನ ತಂದೆ ನನ್ನ ಸಂಬಳ ಕೇಳಿದರು, ಹೇಳಲಿಲ್ಲ. ಹುಡುಗಿ ಹಾಡಬೇಕು ಎಂದರು. "ಹಾಡು ಬರುವುದೇ ಎಂದು ನಿಮ್ಮ ಹುಡುಗನನ್ನೂ ಕೇಳಬೇಕಾಗುತ್ತದೆ," ಎಂದೆ. ಅಷ್ಟೂ ಹೊತ್ತು ನೆಲ ನೋಡುತ್ತಿದ್ದ ಹುಡುಗಿ ಮೊದಲ ಸಲ ತಲೆಯೆತ್ತಿದಳು.

ಬೆಳಿಗ್ಗೆ ಗುಮಾಸ್ತರು ಸಕ್ಕರೆ ಹಿಡಿದು ಓಡಿಬಂದರು. "ಒಪ್ಪಿಗೆಯಾಯಿತು! ಒಂದೇ ಮಾತು ಹೇಳಿ ಕಳಿಸಿದ್ದಾರೆ. ಹುಡುಗಿ ಬಂಗಾರ, ಹಾಸಿಗೆ ಸುರುಳಿ ಮೇಲೆ ಕೂತಿದ್ದ ಚಿಕ್ಕಪ್ಪನನ್ನು ಮಾತ್ರ ಮದುವೆಗೆ ಕರೀಬೇಡಿ ಅಂತ."

*ಮಳವಳ್ಳಿ*

ಇಲ್ಲಿ ಒಬ್ಬ ರೈತ ತನ್ನ ಮನೆಯ ನಡುಕೋಣೆ ತೋರಿಸಿದ. ಬಾಡಿಗೆ ಎಷ್ಟು ಸೋವಿಯೆಂದರೆ ನನಗೆ ಅನುಮಾನ ಬಂತು. ಮೂಲೆಯಲ್ಲಿ ಅಟ್ಟಣೆಯ ಮೇಲೆ ಬಿದಿರು ತಟ್ಟೆಗಳು. ಅವುಗಳ ಮೇಲೆ ಬಟ್ಟೆ.

"ಅದೇನು?"

"ರೇಸ್ಮೆ ಹುಳ ಸ್ವಾಮಿ. ಅವುಗಳ ಪಾಡಿಗೆ ಅವು ಇರ್ತವೆ."

ಇರಲಿಲ್ಲ. ಚಿಲಕ ಹಾಕಿ ಕೂತರೆ ಮಳೆ ಹನಿದಂತೆ ಸದ್ದು. ಸಾವಿರಾರು ಬಾಯಿ ಎಲೆ ಮೇಯುತ್ತಿದ್ದವು. ಎಲೆ ಮುಗಿದೊಡನೆ ರೈತನ ಹೆಂಡತಿ ಬಾಗಿಲು ಬಡಿದಳು, ಮಂಕರಿ ತುಂಬ ಹಿಪ್ಪುನೇರಳೆ ಸೊಪ್ಪು. ಒಂದಷ್ಟು ಹೊತ್ತಿಗೆ ಮತ್ತೆ ಬಂದಳು. ಮೂರನೆಯ ಸಲಕ್ಕೆ ನಾನು ಎದ್ದು ನಿಂತು ನಿಯಮ ಹೇಳಿದೆ.

"ನಮ್ಗೆ ಗೊತ್ತಾಯ್ತದೆ ಕಣ್ ಸ್ವಾಮಿ," ಎಂದಳು ಅವಳು. "ಹುಳಕ್ಕೆ ನೀವೇ ಯೋಳಿ."

ನಾನು ಕೋಪ ಇಳಿಯಲೆಂದು ನಸ್ಯದ ಡಬ್ಬಿ ತೆಗೆದೆ. ರೈತ ಎಲ್ಲಿದ್ದನೋ, ಓಡಿಬಂದ. "ಅಯ್ಯಯ್ಯೋ, ನಸ್ಯದ ಗಾಟು ಹುಳಕ್ಕೆ ಆಗಾಕಿಲ್ಲ! ಆಚೀಗ್ ಬನ್ನಿ!" ಎಂದು ನನ್ನ ತೋಳು ಹಿಡಿದು ಜಗಲಿಗೆ ಕರೆತಂದ.

ಒಳಗೆ ನೋಡಿದರೆ ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಸೊಪ್ಪು ಹರಡುತ್ತಿದ್ದಾಳೆ. ಆ ಹೆಂಗಸೂ ಇವಳೂ ಏನೋ ಹೇಳಿಕೊಂಡು ನಗುತ್ತಿದ್ದಾರೆ. ಆರು ವರ್ಷದಲ್ಲಿ ನಾನು ಆ ನಗು ಕೇಳಿರಲಿಲ್ಲ. ಆದರೆ ಕೆಲಸ ತಪ್ಪಿಸಲೆಂದು ಕರೆತಂದವಳು ಇಲ್ಲಿಯೂ ಕೆಲಸವೇ ಮಾಡುತ್ತಿದ್ದಳಲ್ಲ ಎಂದು ನನಗೆ ನಾಚಿಕೆಯಾಯಿತು.

ಹೊರಡುವಾಗ ರೈತ ತಲೆ ಕೆರೆದುಕೊಂಡ. "ಹುಳ ಈ ಪಾಟಿ ಯಾವತ್ತೂ ಮೇದಿರ್ನಿಲ್ಲ ಸ್ವಾಮಿ. ಅಮ್ಮಾವ್ರು ಒಂದ್ ವಾರ ಇಲ್ಲೇ ಇರ್ಲಿ. ನೀವ್ ಬೇಕಾದ್ರೆ ಓಗ್ಬನ್ನಿ."

*ಬೆಳಕವಾಡಿ*

ನಾಲ್ಕು ದಿನದಲ್ಲಿ ಎರಡು ಹೋಗಿದ್ದವು. ದ್ವೀಪದ ಛತ್ರದಲ್ಲಿ ಒಂದೊಂದು ಕಂಬಕ್ಕೂ ಒಂದೊಂದು ಸಂಸಾರ ಒರಗಿದೆ ಎಂದು ಬಸ್ಸಿನವನು ಹೇಳಿದ್ದರಿಂದ, ದಾರಿಯ ಬೆಳಕವಾಡಿಯಲ್ಲೇ ಇಳಿದೆವು. ಅಲ್ಲೊಬ್ಬ ಮುದುಕಿ, ಒಂಟಿ ಜೀವ, ತನ್ನ ಒಂದಂಕಣದ ಮನೆಯನ್ನೇ ನಮಗೆ ಬಿಟ್ಟು ತಾನು ಕೊಟ್ಟಿಗೆಗೆ ಹೋಗುತ್ತೇನೆಂದಳು. ಸಗಣಿ ಸಾರಿಸಿದ ನೆಲ ಕನ್ನಡಿಯಂತಿತ್ತು. ನಾನು ಈ ಸಲ ನಿಯಮವನ್ನು ಪಾಠ ಒಪ್ಪಿಸುವಂತೆ ಬಿಡಿಸಿ ಬಿಡಿಸಿ ಹೇಳಿದೆ. "ಯಾರೂ ಒಳಗೆ ಬರಕೂಡದು. ನೀನೂ."

"ಅಷ್ಟೇ ತಾನೆ? ಆಯ್ತು ಬುಡಪ್ಪ," ಎಂದಳು.

ಮಾರನೆಯ ಬೆಳಿಗ್ಗೆ ದ್ವೀಪಕ್ಕೆ ಹೋಗಿ ಒಂದು ಜಲಪಾತ ನೋಡಿ ಮಧ್ಯಾಹ್ನಕ್ಕೆ ಮರಳಿದೆವು. ನನ್ನ ವೇಳಾಪಟ್ಟಿಯ ಪ್ರಕಾರ ಮೂರು ಗಂಟೆಗೆ ಎರಡನೆಯ ಜಲಪಾತ. ಹೆಂಡತಿಗೆ ಸಿದ್ಧವಾಗಿರು ಎಂದು ಹೇಳಿ ನಾನು ನಾಲೆಗೆ ಸ್ನಾನಕ್ಕೆ ಹೋದೆ.

ತಿರುಗಿ ಬಂದಾಗ ಮುದುಕಿ ಹೊಸಿಲ ಹೊರಗೆ ಕೂತಿದ್ದಳು. ಪಟ್ಟಣದ ಅಮ್ಮನನ್ನು ನೋಡಲು ಬಂದ ಐದಾರು ಹೆಂಗಸರು ಬೀದಿಯಲ್ಲೇ ನಿಂತಿದ್ದರು. ಊರ ಪಟೇಲರೂ ಬಂದು, ಅವರೂ ಹಿಂದಕ್ಕೆ ಹೋಗಿದ್ದರಂತೆ. ಭೇಷ್ ಎಂದುಕೊಂಡು, ಮೈಯಿಂದ ನೀರಿಳಿಯುತ್ತಿದ್ದ ಹಾಗೆಯೇ, ಒದ್ದೆ ಪಂಚೆಯಲ್ಲಿ ಬಾಗಿಲಿಗೆ ಕೈ ಹಾಕಿದೆ.

"ಎಲ್ಗೆ?" ಎಂದಳು ಮುದುಕಿ.

"ಒಳಗೆ."

"ಆಗಾಕಿಲ್ಲ. ಮನಿಕ್ಕಂಡವ್ಳೆ."

"ನಾನು ಅವಳ ಗಂಡ."

"ಔದೌದು. ಕರುದ್ಲಾ ನಿನ್ನ?"

ಬೀದಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ನಾನು ತಗ್ಗಿದ ದನಿಯಲ್ಲಿ, "ಅಜ್ಜಿ, ನನ್ನ ಷರಟು ಒಳಗಿದೆ," ಎಂದೆ.

"ನನ್ನ ಎಲಡ್ಕೆ ಚೀಲಾನೂ ಒಳಗೇ ಅದೆ. ಬೆಳಗಿಂದ ಬಾಯಿ ಒಣಗ್ಕೊಂಡು ಕುಂತಿವ್ನಿ. ನಾನೇನ್ ಒಳೀಕ್ ಓದ್ನಾ?"

"ಮೂರು ಗಂಟೆಗೆ ಜಲಪಾತ ನೋಡಬೇಕು. ಎಬ್ಬಿಸಲೇಬೇಕು."

"ನೀರು ನಾಳೀಕೂ ಬೀಳ್ತದೆ ಕಣಪ್ಪ." ಮುದುಕಿ ದನಿ ಇಳಿಸಿದಳು. "ಮನೇಲಿ ಎಲ್ಲಾರೂ ಕರೆಯೋರೇ ಅಂತೆ ಆ ಮಗೀನ. 'ಅಜ್ಜಿ, ಅಗಲೊತ್ತು ಮನಿಕ್ಕೊಂಡ್ರೆ ಬಯ್ತೀರಾ?' ಅಂತ ನನ್ ಕೇಳುದ್ಲು. ಲಗ್ನ ಆದ್ಮೇಲೆ ಇದೇ ಮೊದ್ಲಂತೆ. ಬಾಗ್ಲಲ್ಲಿ ನಾನಿವ್ನಿ, ಮನೀಕೋ ಅಂದೆ."

ಬಾಗಿಲ ಸಂದಿಯಲ್ಲಿ ಕಂಡಿತು: ಚಾಪೆಯ ಮೇಲೆ, ಕೈಯನ್ನೇ ದಿಂಬು ಮಾಡಿಕೊಂಡು, ಬಾಯಿ ತುಸು ತೆರೆದು, ಚಿಕ್ಕ ಹುಡುಗಿಯಂತೆ ಮಲಗಿದ್ದಳು. ಎಷ್ಟು ಬೇಗ ನಿದ್ದೆ ಬಂದಿತ್ತೆಂದರೆ ಚಿಲಕ ಹಾಕುವುದನ್ನೂ ಮರೆತಿದ್ದಳು.

ಆದರೂ ನಾನು ಮೇಷ್ಟರು. "ಸದ್ದು ಮಾಡದೆ ಷರಟೊಂದನ್ನು..." ಎಂದು ಒಂದು ಹೆಜ್ಜೆ ಎತ್ತಿದೆ.

ಮುದುಕಿ ತಾನು ಕೂತಿದ್ದ ಕಂಬಳಿಯನ್ನು ಎಳೆದು ನನ್ನ ಹೆಗಲ ಮೇಲೆ ಎಸೆದಳು. ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದು, ಎರಡೂ ಕಾಲುಗಳನ್ನು ಹೊಸಿಲಿನ ಉದ್ದಕ್ಕೆ ಚಾಚಿ ಕೂತಳು.