ಆಡಿನ ಮೆಲುಕು, ಕಡವೆಯ ಹೊಟ್ಟೆ

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಪುಸ್ತಕ ಓದಿ ಬಾಯಿ ತೆರೆದರೆ ಇಂಥವು ನಡೆಯುತ್ತಲೇ ಇರುತ್ತವೆ. ತೆರೆಯದೆ ಇರುವವಳು ನಾನಲ್ಲ.

೧. ಯಾವ ವರ್ಷದ ಪಾಠ?

ಯಲ್ಲಾಪುರದ ಹತ್ತಿರ ನಾನು ಕೆಲಸ ಮಾಡುವ ಅರಣ್ಯ ಇಲಾಖೆಯ ಸಸಿಗಳ ನರ್ಸರಿಗೆ, ನಾಯಿಗಳು ಅಟ್ಟಿದ ಕಡವೆ ಮರಿಯೊಂದನ್ನು ತಂದು ಬಿಟ್ಟರು. ನೋಡಲು ಬಂದವರೆಲ್ಲ ಪ್ರೀತಿಯಿಂದ ಅನ್ನ, ಬಿಸ್ಕತ್ತು ತಿನ್ನಿಸಿದರು. ಎರಡೇ ದಿನಕ್ಕೆ ಮರಿ ಮೆಲುಕು ಹಾಕುವುದು ಬಿಟ್ಟು, ಹೊಟ್ಟೆ ಉಬ್ಬಿಸಿಕೊಂಡು ಮಲಗಿತು.

"ಸೊಪ್ಪು ಅರಗಿಸುವುದು ಕಡವೆಯಲ್ಲ, ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು. ನಿಮ್ಮ ಅನ್ನ ಅವನ್ನೇ ಕೊಂದಿದೆ. ಹೀಗೇ ಬಿಟ್ಟರೆ ಮರಿ ಸಾಯುತ್ತದೆ" ಎಂದೆ.

ಬಿಸ್ಕತ್ತಿನ ಪೊಟ್ಟಣ ಹಿಡಿದಿದ್ದ ನರ್ಸರಿಯ ಸಾಹೇಬರು ನಕ್ಕರು. "ಎಷ್ಟು ಓದಿದ್ದೀಯಮ್ಮ?"

"ನಾಲ್ಕನೇ ಕ್ಲಾಸು. ನೀವು?"

"ಎಮ್ಮೆಸ್ಸಿ."

"ಹಾಗಾದರೆ ಕಡವೆಗೆ ಬಿಸ್ಕತ್ತು ಯಾವ ವರ್ಷದ ಪಾಠ, ಸಾಹೇಬ್ರೆ?"

೨. ಪಕ್ಕದ ಮನೆಯ ಆಡು

ಮೆಲುಕು ಬಿಟ್ಟ ಹಸುವಿಗೆ ನನ್ನ ಅಮ್ಮ, ಗಟ್ಟಿಮುಟ್ಟಾದ ಇನ್ನೊಂದು ಹಸುವಿನ ಬಾಯಿಂದ ಮೆಲುಕು ತೆಗೆದು ತಿನ್ನಿಸುತ್ತಿದ್ದಳು. ಯಾಕೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಪುಸ್ತಕ ಹೇಳಿತು. ಆ ತುತ್ತಿನ ಜೊತೆ ಸೂಕ್ಷ್ಮಜೀವಿಗಳೂ ಹೋಗುತ್ತವೆ.

ಆದರೆ ಮೆಲುಕಿಗಾಗಿ ಕಾಡಿನ ಇನ್ನೊಂದು ಕಡವೆ ಬಾಯಿ ತೆರೆದು ಕೊಡುತ್ತದೆಯೇ? ಇಡಗುಂದಿಯ ನಮ್ಮ ಪಕ್ಕದ ಮನೆಯ ಆಡು ದಿನವೂ ಕಾಡಿನ ಸೊಪ್ಪು ಮೇಯುತ್ತಿತ್ತು. ಬೆಳಿಗ್ಗೆ ಅದರ ಬಾಯಿಗೆ ಕೈ ಹಾಕಿದೆ. ಒಡತಿ ಓಡಿ ಬಂದಳು.

"ಎಂತ ಮಾಡ್ತಿದ್ದೀಯೇ ಮಾರಾಯ್ತಿ?"

"ಮೆಲುಕು ಬೇಕಿತ್ತು."

"ಹಾಲು ಕದ್ದವರನ್ನು ಕಂಡಿದ್ದೆ, ಆಡನ್ನೇ ಕದ್ದವರನ್ನೂ ಕಂಡಿದ್ದೆ. ಅದು ಅಗಿದದ್ದನ್ನೂ ಬಿಡದವಳು ನೀನೊಬ್ಬಳೇ!"

೩. ಹಸಿರು ಚಟ್ನಿ

ಮೆಲುಕಿನ ಡಬ್ಬಿ ಹಿಡಿದು ಬಸ್ಸು ಹತ್ತಿದೆ. ಮೂವರ ಸೀಟಿನಲ್ಲಿ ಒತ್ತಿಕೊಂಡು ಕೂತೆ. ಮುಚ್ಚಳ ಸಡಿಲವಾಗಿತ್ತು.

"ಎಂತ ಚಟ್ನಿ ಅಕ್ಕಾ? ಒಂದೆಲಗದ್ದಾ?" ಪಕ್ಕದವಳು ಕೇಳಿದಳು.

"ಅಲ್ಲ, ಆಡು ಅಗಿದದ್ದು."

ಯಲ್ಲಾಪುರದವರೆಗೆ ಇಡೀ ಸೀಟು ನನ್ನದೇ.

೪. ಬಾಯಿ ತೆಗೀರಿ

"ಇದೆಲ್ಲ ಬೇಡ. ಮರಿ ಸತ್ತರೆ ನಿನ್ನ ತಲೆ ಮೇಲೆ" ಎಂದರು ಸಾಹೇಬರು.

"ಇರಲಿ. ಬದುಕಿದರೂ ನನ್ನ ತಲೆ ಮೇಲೇ" ಎಂದು ಮರಿಯ ದವಡೆ ಬಿಡಿಸಿ ತಿನ್ನಿಸಿದೆ. ಅನ್ನ ತಂದವರನ್ನೆಲ್ಲ ಗೇಟಿನಿಂದಲೇ ಅಟ್ಟಿದೆ. ಹೊಸ ಮೆಲುಕು ತರುತ್ತಾ ದಿನಕ್ಕೆರಡು ಸಲ, ಮೂರು ದಿನ ತಿನ್ನಿಸಿದೆ. ನಾಲ್ಕನೇ ದಿನ ಬೆಳಿಗ್ಗೆ ಮರಿ ಎದ್ದು ನಿಂತು, ಸೊಪ್ಪು ತಿಂದು, ನನ್ನ ಮುಖವನ್ನೇ ನೋಡುತ್ತಾ ನಿಧಾನವಾಗಿ ಮೆಲುಕು ಹಾಕಿತು. ನಾನೂ ಅದನ್ನೇ ನೋಡುತ್ತಾ ನಿಂತೆ.

ಸಂಜೆ ಸಾಹೇಬರು ಮೆಲ್ಲಗೆ ಬಂದು ಅತ್ತಿತ್ತ ನೋಡಿ, "ಅಕ್ಕಾ, ಮದುವೆ ಊಟ ಮಾಡಿದ ಮೇಲೆ ನನಗೂ ಹೊಟ್ಟೆ ಸರಿಯಿಲ್ಲ. ಮನುಷ್ಯರಿಗೂ ಏನಾದರೂ ಇದೆಯಾ?" ಎಂದರು.

"ಯಾಕಿಲ್ಲ? ಬಾಯಿ ತೆಗೀರಿ" ಎಂದು ಸೆರಗು ಸಿಕ್ಕಿಸಿಕೊಂಡು ಡಬ್ಬಿಗೆ ಕೈ ಹಾಕಿದೆ.

ಸಾಹೇಬರ ಹೊಟ್ಟೆ ಆ ಕ್ಷಣವೇ ಸರಿಯಾಯಿತು.