ಸದ್ದಡಗಿದ ಕಾರು

ಮೆಕ್ಯಾನಿಕ್ ಕಾರಿನ ನೆಲವನ್ನು ಬೆರಳ ಗೆಣ್ಣಿನಿಂದ ಒಮ್ಮೆ ಕುಟ್ಟಿದ. ಖಾಲಿ ಡಬ್ಬಿಯ ಹಾಗೆ ಅದು ‘ಠಣ್’ ಎಂದಿತು. ಪಕ್ಕದಲ್ಲಿ ನಿಂತಿದ್ದ ಗ್ರಂಥಪಾಲಕರ ಎದೆ ಅದಕ್ಕಿಂತ ಜೋರಾಗಿ ಹೊಡೆದುಕೊಂಡಿತು.

ಕಾರು ಮಾವನದು. ಐವತ್ತು ವರ್ಷ ಹಳೆಯದು, ಎರಡು ಬಾಗಿಲಿನದು. ಮದುವೆಯಾದಂದಿನಿಂದ ಗ್ರಂಥಪಾಲಕರ ಕಣ್ಣು ಅದರ ಮೇಲೆ. ಮೂರು ತಿಂಗಳ ಹಿಂದೆ ಮಾವ ಅದನ್ನು ಅಳಿಯನ ಶೆಡ್ಡಿನಲ್ಲಿ ತಂದು ನಿಲ್ಲಿಸಿ ಷರತ್ತು ಹಾಕಿದ್ದರು: “ರಿಪೇರಿ ಮಾಡಿಸಿ. ಓಡೋ ಗಾಡೀಲಿ ಕೂತಾಗ ನನ್ನ ಕೈಗಡಿಯಾರದ ಟಿಕ್‌ಟಿಕ್ ನನಗೆ ಕೇಳ್ಬೇಕು. ಕೇಳಿದ್ರೆ ಗಾಡಿ ನಿಮ್ಮದು. ಇಲ್ಲದಿದ್ರೆ ಹಳೇ ಕಾರಿನ ವ್ಯಾಪಾರಿಗೆ ಕೊಟ್ಬಿಡ್ತೀನಿ.”

ಇಂಜಿನ್, ಬಣ್ಣ, ಸೀಟು ಎಲ್ಲ ಹೊಸದಾಗಿದ್ದವು. ಸದ್ದು ಅಡಗಿಸುವ ಸಾಮಾನು ಮಾತ್ರ ನಿನ್ನೆ ಬಂದಿತ್ತು. ಇವತ್ತು ಭಾನುವಾರ. ಸಂಜೆ ಐದಕ್ಕೆ ಮಾವ, ಅತ್ತೆ ಬರುವವರಿದ್ದರು.

“ನೋಡಿ ಸಾರ್, ಬೆಳ್ಳಿ ಕಾಗದ ಅಂಟಿರೋ ಈ ರಬ್ಬರ್ ಶೀಟು ತಗಡಿಗೆ. ತಗಡು ನಡುಗೋದನ್ನ ನಿಲ್ಸುತ್ತೆ,” ಎಂದ ಮೆಕ್ಯಾನಿಕ್. “ಮೇಲೆ ಫೋಮು. ಅದರ ಮೇಲೆ ಈ ಕಂಬಳಿ ಥರದ ಫೆಲ್ಟು. ರಬ್ಬರ್ ಎಲ್ಲಾ ಕಡೆ ಬೇಡ, ಒಂದೊಂದು ತಗಡಿನ ಮಧ್ಯದಲ್ಲಿ ಕಾಲು ಭಾಗ ಮುಚ್ಚಿದ್ರೆ ಸಾಕು. ಒಂದು ಲಾರಿ ಕೆಟ್ಟು ನಿಂತಿದೆ, ನೋಡ್ಕೊಂಡು ಮೂರಕ್ಕೆ ಬರ್ತೀನಿ. ಅಷ್ಟರಲ್ಲಿ ಶೀಟು ಅಂಟಿಸಿ. ಯಾರ ಮಾತೂ ಕೇಳ್ಬೇಡಿ.”

ಗ್ರಂಥಪಾಲಕರು ಯಾರ ಮಾತನ್ನೂ ಕೇಳಲಿಲ್ಲ. ಮೆಕ್ಯಾನಿಕ್‌ನ ಮಾತನ್ನೂ ಕೇಳಲಿಲ್ಲ. ಇಪ್ಪತ್ತು ವರ್ಷ ಮೌನ ಕಾಯುವುದಕ್ಕೇ ಸಂಬಳ ಪಡೆದವರು ಅವರು. ಕಾಲು ಭಾಗ ಮುಚ್ಚಿದರೆ ಸದ್ದು ಅಡಗುವುದಾದರೆ, ಪೂರ್ತಿ ಮುಚ್ಚಿದರೆ ನಾಲ್ಕು ಪಟ್ಟು ಅಡಗಬೇಕಲ್ಲವೇ? ಹತ್ತು ಗಂಟೆಯ ಹೊತ್ತಿಗೆ ಒಂದಿಂಚೂ ಬಿಡದೆ ನೆಲವನ್ನೆಲ್ಲ ಮುಚ್ಚಿ ಬೆವರು ಒರೆಸಿಕೊಂಡರು.

“ಮುಗೀತೇನ್ರೀ?” ಎಂದಳು ಹೆಂಡತಿ.

“ನೆಲ ಮುಗೀತು.”

“ಶೀಟು?”

“ಅದೂ ಮುಗೀತು.”

ಬಾಗಿಲು, ಚಾವಣಿ, ಡಿಕ್ಕಿ ಎಲ್ಲ ಬರಿ ತಗಡಾಗಿಯೇ ಉಳಿದಿದ್ದವು. ಭಾನುವಾರವಾದ್ದರಿಂದ ಅಂಗಡಿಯೂ ಇಲ್ಲ. ಆಗ ಪಕ್ಕದ ಕಾಂಪೌಂಡಿನ ಮೇಲೆ ಕಂಟ್ರಾಕ್ಟರನ ತಲೆ ಮೂಡಿತು. ತಾರಸಿ ಸೋರದಂತೆ ಮಾಡುವುದು ಅವನ ಕಸುಬು.

“ಏನ್ ಸಾರ್, ಇಷ್ಟಕ್ಕೇ ಮುಖ ಇಳಿಬಿಟ್ಕೊಂಡಿದೀರ? ನನ್ನ ಹತ್ರ ಟಾರ್ ಶೀಟ್ ಸುರುಳಿಗಟ್ಟಲೆ ಬಿದ್ದಿದೆ.”

“ಅದು ನೀರು ತಡೆಯೋಕಲ್ವೇನಪ್ಪಾ?”

“ನೀರನ್ನೇ ತಡೆಯೋದು! ಅದರ ಮುಂದೆ ಸದ್ದು ಯಾವ ಲೆಕ್ಕ?”

ಹೆಂಡತಿಯ ಹೇರ್ ಡ್ರೈಯರಿನಿಂದ ಬಿಸಿ ಮಾಡಿ ಇಬ್ಬರೂ ಕಾರಿನ ಚಾವಣಿಗೆ ಒಳಗಿನಿಂದ ಟಾರ್ ಶೀಟ್ ಅಂಟಿಸಿದರು. ವಾಸನೆ ಬೀದಿಯ ತುದಿ ಮುಟ್ಟಿತು. ರಸ್ತೆಗೆ ಟಾರ್ ಹಾಕುತ್ತಿದ್ದಾರೆಂದು ಸಂತೋಷಪಟ್ಟು ಹೊರಬಂದ ಮೇಲಿನ ಮನೆಯ ದರ್ಜಿ ಅಕ್ಕ ಶೆಡ್ಡಿಗೆ ಇಣುಕಿದಳು.

“ಬಾಗಿಲಿಗೆ ಏನ್ ಹಾಕ್ತೀರ? ಏನೂ ಇಲ್ವಾ? ಇರಿ, ಕೋಟಿನ ಭುಜಕ್ಕೆ ತುಂಬೋ ಹತ್ತಿ ಒಂದು ಮೂಟೆ ಇದೆ, ತರ್ತೀನಿ. ನನ್ನ ಮೆಷಿನ್ನಿನ ಕೆಳಗೆ ಅದೇ ಇಟ್ಟಿರೋದು. ನಿಮಗೆ ಯಾವತ್ತಾದ್ರೂ ಸದ್ದು ಕೇಳಿದೆಯಾ?”

ದಿನಾ ಕೇಳುತ್ತಿತ್ತು. ಆದರೆ ಮೂಟೆ ಆಗಲೇ ಮೆಟ್ಟಿಲಿಳಿದು ಬಂದಿತ್ತು. ಎರಡೂ ಬಾಗಿಲುಗಳ ಹೊಟ್ಟೆಗೆ ಹತ್ತಿ ತುರುಕಿದ್ದಾಯಿತು. ಬಾಗಿಲುಗಳು ಗಂಟಲವರೆಗೆ ಉಂಡ ನೆಂಟರ ಹಾಗೆ ಉಬ್ಬಿದವು.

ಮಧ್ಯಾಹ್ನ ಒಂದು ಗಂಟೆಗೆ ಗ್ರಂಥಪಾಲಕರು ಪರೀಕ್ಷೆ ಮಾಡಲು ಒಳಗೆ ಕೂತು, ಕಂಟ್ರಾಕ್ಟರನಿಂದ ಬಾಗಿಲನ್ನು ಒದೆಸಿ ಹಾಕಿಸಿಕೊಂಡರು. ಶೆಡ್ಡಿನ ತಗಡು ಕಾದು ಬಾಣಲೆಯಾಗಿತ್ತು. ಅವರು ಗಡಿಯಾರವನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿದ ಹೊತ್ತಿಗೆ ಚಾವಣಿಯ ಟಾರ್ ಶೀಟ್ ಮೆತ್ತಗಾಗಿ, ನಿಧಾನವಾಗಿ ಕಳಚಿ, ಅಷ್ಟಗಲವೂ ಅವರ ತಲೆಯ ಮೇಲೆ ಬಿತ್ತು.

ಅವರು ಕೂಗಿಕೊಂಡು ಬಾಗಿಲ ಹಿಡಿ ತಿರುಗಿಸಿದರು. ಹತ್ತಿ ಬೀಗಕ್ಕೆ ಸಿಕ್ಕಿಕೊಂಡು ಬಾಗಿಲು ಅಲುಗಲಿಲ್ಲ. ಇನ್ನೊಂದೂ ಅಲುಗಲಿಲ್ಲ. ಗಾಜೂ ಇಳಿಯಲಿಲ್ಲ.

“ಅಯ್ಯೋ, ಏನೋ ಹೇಳ್ತಿದಾರೆ!” ಎಂದು ಹೆಂಡತಿ ಕಿರುಚಿದಳು.

“ಕೇಳಿಸ್ತಾ ಇದೆಯಾ ನಿಮಗೆ?” ಎಂದ ಕಂಟ್ರಾಕ್ಟರ್.

“ಇಲ್ಲ!”

“ಮತ್ತೆ? ನಾನ್ ಹೇಳ್ಲಿಲ್ವಾ, ಪಕ್ಕಾ ಮಾಲು!”

ಹಿಂದಿನ ಸೀಟು ಬಿಚ್ಚಿಟ್ಟಿದ್ದರಿಂದ ಕೊನೆಗೆ ಡಿಕ್ಕಿಯ ಮೂಲಕ ಕಾಲು ಹಿಡಿದು ಎಳೆದರು. ತಲೆಗೆ ಅಂಟಿದ ಟಾರ್ ಎಣ್ಣೆಗೂ ಬಗ್ಗಲಿಲ್ಲ, ಸೀಮೆಎಣ್ಣೆಗೂ ಬಗ್ಗಲಿಲ್ಲ. ದರ್ಜಿ ಅಕ್ಕ ಬಟ್ಟೆಯ ಕತ್ತರಿಯಿಂದ ಕೂದಲನ್ನೇ ಕತ್ತರಿಸಿ ನೆತ್ತಿ ಬಿಡಿಸಿಕೊಟ್ಟಳು.

ಮೂರಕ್ಕೆ ಬಂದ ಮೆಕ್ಯಾನಿಕ್ ಬಾಗಿಲಲ್ಲೇ ನಿಂತುಬಿಟ್ಟ. “ಸಾರ್... ನೀವೇನಾ?”

ಕಾರಿನೊಳಗೆ ಇಣುಕಿದ. ಟೂಲ್ ಬಾಕ್ಸಿನ ಮೇಲೆ ಕುಸಿದು ಕೂತ. “ಟಾರು ಬಿಸಿಲಿಗೆ ಕರಗುತ್ತೆ. ಹತ್ತಿ ನೀರು ಕುಡಿಯುತ್ತೆ. ಮಳೆ ನೀರು ಹೋಗೋಕೆ ಬಾಗಿಲ ಕೆಳಗೆ ತೂತು ಇರುತ್ತೆ ಸಾರ್, ಅದನ್ನೂ ಮುಚ್ಚಿದೀರ! ಒಂದು ಮಳೆಗೆ ಬಾಗಿಲು ಬಕೆಟ್ ಆಗುತ್ತೆ. ವರ್ಷ ಕಳೆಯೋದ್ರಲ್ಲಿ ತುಕ್ಕು.”

“ಐದಕ್ಕೆ ಮಾವ ಬರ್ತಾರಪ್ಪ,” ಎಂದರು ಗ್ರಂಥಪಾಲಕರು. ಧ್ವನಿ ಅಳುವಂತಿತ್ತು.

ಮೆಕ್ಯಾನಿಕ್ ಎದ್ದು ತೋಳು ಮಡಚಿದ. ಹತ್ತಿ ಕಿತ್ತದ್ದು ದರ್ಜಿ ಅಕ್ಕ, ಟಾರ್ ಕೆರೆದದ್ದು ಕಂಟ್ರಾಕ್ಟರ್. ತನ್ನ ವ್ಯಾನಿನಲ್ಲಿದ್ದ ರಬ್ಬರಿನ ಉಳಿಕೆ ತುಂಡುಗಳನ್ನು ಮೆಕ್ಯಾನಿಕ್ ಬಾಗಿಲು, ಚಾವಣಿ, ಡಿಕ್ಕಿಗೆ ಕಾಲು ಭಾಗದ ಲೆಕ್ಕದಲ್ಲಿ ಅಂಟಿಸಿ, ರೋಲರಿನಿಂದ ಒತ್ತಿ, ಫೋಮು, ಫೆಲ್ಟು, ಸೀಟು ಕೂರಿಸಿದ. ಐದಕ್ಕೆ ಹತ್ತು ನಿಮಿಷ ಇರುವಾಗ ಬಾಗಿಲನ್ನು ಕುಟ್ಟಿದ. ‘ದಬ್’ ಎಂದಿತು. ಗ್ರಂಥಪಾಲಕರ ಕಣ್ಣಲ್ಲಿ ನೀರು ಬಂತು.

ಮಾವ ಬಂದರು. ಅಳಿಯನ ತಲೆಯನ್ನು ಒಂದು ಕ್ಷಣ ನೋಡಿದರು. ಸ್ಟಿಯರಿಂಗ್ ಹಿಡಿದು ಕೂತರು. ಪಕ್ಕದಲ್ಲಿ ಗ್ರಂಥಪಾಲಕರು, ಹಿಂದೆ ಅತ್ತೆ, ಹೆಂಡತಿ.

ಕಾರು ಬೀದಿ ದಾಟಿ ದೊಡ್ಡ ರಸ್ತೆ ಸೇರಿತು. ಮೂರನೇ ಗೇರು, ನಾಲ್ಕನೇ ಗೇರು. ನೀರಿನ ಮೇಲೆ ತೇಲಿದ ಹಾಗಿತ್ತು. ಮಾವ ಎಡಗೈಯನ್ನು ಸ್ವಲ್ಪ ಮೇಲೆತ್ತಿದರು. ಟಿಕ್, ಟಿಕ್, ಟಿಕ್.

“ಅಳಿಯಂದ್ರೇ!” ಎಂದರು ಮಾವ. ಹದಿನಾಲ್ಕು ವರ್ಷದಲ್ಲಿ ಅವರು ಅಷ್ಟು ಪ್ರೀತಿಯಿಂದ ಕರೆದದ್ದು ಅದೇ ಮೊದಲು. “ಗಾಡಿ...”

“...ಕ್ಲಚ್ಚಿನ ಮೇಲಿಂದ ಕಾಲು ತೆಗೆಯೋದು ಈ ಜನ್ಮದಲ್ಲಿ ಇವರಿಗೆ ಬರಲ್ಲ,” ಎಂದಿತು ಹಿಂದಿನಿಂದ ಒಂದು ತಣ್ಣನೆಯ ಧ್ವನಿ. “ಜಂಬಕ್ಕೆ ಮಾತ್ರ ಕಡಿಮೆ ಇಲ್ಲ. ಅವರ ಅಪ್ಪನೂ ಹೀಗೇ.”

ಕಾರು ತಾನಾಗಿಯೇ ನಿಧಾನವಾಯಿತು. ಮಾವ ಕನ್ನಡಿಯಲ್ಲಿ ನೋಡಿದರು. “ಯಾರ ಹತ್ರ ಮಾತಾಡ್ತಾ ಇದೀಯ?”

“ನಿಮ್ಮ ಹತ್ರಾನೇ,” ಎಂದರು ಅತ್ತೆ. ಅವರಿಗೂ ಗಾಬರಿಯಾಗಿತ್ತು. “ಕೇಳಿಸ್ತಾ?”

“ಯಾವತ್ತಿಂದ?”

“ಈ ಗಾಡಿ ತಂದಾಗಿಂದ.”

“ಗಾಡಿ ಸದ್ದಲ್ಲಿ ಬರೀ ತುಟಿ ಅಲ್ಲಾಡೋದು ಕಾಣ್ತಿತ್ತು. ಹಾಡು ಹೇಳ್ಕೋತಿದೀಯ ಅಂದ್ಕೊಂಡಿದ್ದೆ,” ಎಂದರು ಮಾವ. ಮುಖ ಸುಣ್ಣದಂತಾಗಿತ್ತು. “ನಾನು ತಲೆ ಆಡಿಸ್ತಿದ್ದೆನಲ್ಲ...”

“ಆಡಿಸ್ತಿದ್ರಿ! ಸಮುದ್ರ ನೋಡೋಕೆ ಹೋಗೋಣ್ವಾ ಅಂದೆ, ಆಡಿಸಿದ್ರಿ. ಹೋದ್ವಾ? ನಿಮ್ಮಷ್ಟು ಜುಗ್ಗ ಇನ್ನೊಬ್ಬ ಇಲ್ಲ ಅಂದೆ, ಅದಕ್ಕೂ ಆಡಿಸಿದ್ರಿ. ಒಪ್ಕೊಂಡ್ರಲ್ಲ ಅಂತ ಸುಮ್ಮನಿದ್ದೆ.”

ಮಾವ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ಬಾಗಿಲು ತೆಗೆದು ಇಳಿದು, ಕೀಲಿಯನ್ನು ಅಳಿಯನ ಕೈಗೆ ಹಾಕಿದರು. “ಗಾಡಿ ನಿಮ್ಮದು. ಕಾಗದ ನಾಳೇನೇ ಬರೆದುಕೊಡ್ತೀನಿ. ನಾನು ನಡ್ಕೊಂಡ್ ಬರ್ತೀನಿ.”

“ಮಾವ, ನಾಲ್ಕು ಮೈಲಿ ಇದೆ!”

“ಪರವಾಗಿಲ್ಲ,” ಎನ್ನುತ್ತ ಮಾವ ಲಾರಿಗಳ ಭೋರ್ಗರೆತದ ಕಡೆಗೆ ಹೆಜ್ಜೆ ಹಾಕಿದರು.

ಗ್ರಂಥಪಾಲಕರು ಸ್ಟಿಯರಿಂಗ್ ಹಿಡಿದರು. ಕಾರು ಅವರದಾಗಿತ್ತು! ಹಿಗ್ಗಿ ಗೇರು ಹಾಕುವಷ್ಟರಲ್ಲಿ ಅತ್ತೆ ಮುಂದಿನ ಸೀಟಿಗೆ ಬಂದು, ಸೆರಗು ಸರಿಮಾಡಿಕೊಂಡು ಕೂತರು.

“ನಾಳೆ ನನ್ನ ಪೆಟ್ಟಿಗೆ ನಿಮ್ಮನೆಗೇ ತರಿಸಿ,” ಎಂದರು. “ದಿನಾ ಸಂಜೆ ಒಂದು ಸುತ್ತು ಹೋಗೋಣ. ಹೇಳೋದು ಬಹಳ ಇದೆ. ಇವತ್ತು ನಿಮ್ಮಿಂದಲೇ ಶುರು ಮಾಡ್ತೀನಿ. ಮೊದಲನೇದು, ಆ ತಲೆ.”

“ಅಮ್ಮ, ನಿಂದು ಮುಗಿದ ಮೇಲೆ ನಂದೂ ಇದೆ,” ಎಂದಳು ಹೆಂಡತಿ ಹಿಂದಿನಿಂದ.

ಗ್ರಂಥಪಾಲಕರು ಮೆಲ್ಲಗೆ ಗಾಜು ಇಳಿಸಿದರು. ರಸ್ತೆಯ ಗದ್ದಲ ಒಂದು ಗುಟುಕಿನಷ್ಟು ಒಳಗೆ ಬಂತು.

“ಏರಿಸಿ, ಧೂಳು,” ಎಂದರು ಅತ್ತೆ.

ಏರಿಸಿದರು. ಮೆಕ್ಯಾನಿಕ್ ಒಳ್ಳೆಯ ಕೆಲಸಗಾರ. ಗಾಜು ಕೂಡ ಸದ್ದು ಮಾಡದೆ ಮುಚ್ಚಿಕೊಂಡಿತು.