ಪ್ಯಾಂಟಿನ ಜೊತೆ ಮರಿ ಉಚಿತ

ದರ್ಜಿ: ಪಾಪ ಕಟ್ಕೋಬೇಡ ಕಣೇ! ತಾಯಿಯಾಗೋ ಭಾಗ್ಯಾನ ಕತ್ತರಿಸಿ ಬಿಸಾಡೋಕೆ ನಾವ್ಯಾರು?

ಹೀಗೆಂದಾಗ ಅವನ ಕೈಯಲ್ಲಿದ್ದದ್ದೂ ಕತ್ತರಿಯೇ. ಜಗಳ ಹೊಲಿಗೆ ಮಿಷನ್ನಿನ ಕೆಳಗೆ ಮಲಗಿದ್ದ ಗುಂಡಿಯ ವಿಷಯಕ್ಕೆ. ಅಂಗಿಗುಂಡಿಯಂಥ ಕಣ್ಣಿನ ಹೆಣ್ಣುನಾಯಿ. ಬೀದಿಯ ತುದಿಯಲ್ಲಿ ಪ್ರಾಣಿವೈದ್ಯೆಯ ವ್ಯಾನು ನಿಂತಿತ್ತು. ಮರಿಯಾಗದಂತೆ ಆಪರೇಷನ್ ಉಚಿತ, ಇವತ್ತೊಂದೇ ದಿನ. ಮನುಷ್ಯರ ಡಾಕ್ಟರೇ ತಲೆ ಹಾಕದ ಆ ಬೀದಿಗೆ ನಾಯಿಯ ಡಾಕ್ಟರು ಬಂದದ್ದು ಇದೇ ಮೊದಲು.

ಹೆಂಡತಿ: ಭಾಗ್ಯ ಜಾಸ್ತಿಯಾಗಿ ಪಕ್ಕೆಲುಬು ಎದ್ದಿದೆ, ನೋಡಿ ಅವಳದ್ದು.

ದರ್ಜಿ: ಪ್ರಕೃತಿ ಕೊಟ್ಟದ್ದು ಕಣೇ ಅದು.

ಹೆಂಡತಿ: ಎರಡನೇ ಹೆರಿಗೆ ಆದ್ಮೇಲೆ ನನ್ನ ಆಪರೇಷನ್‌ಗೆ ಕರ್ಕೊಂಡು ಹೋದ್ರಲ್ಲ, ಆಗ ಎಲ್ಲಿ ಹೋಗಿತ್ತು ಪ್ರಕೃತಿ?

ದರ್ಜಿ: ಅದು ಬೇರೆ.

ಹೆಂಡತಿ: ಬೇರೇನೇ. ನೀವೇ ಮಾಡಿಸ್ಕೊಳ್ಳಿ ಅಂದ್ರೆ, ಆಮೇಲೆ ಮಿಷನ್ ತುಳಿಯೋಕೆ ಕಾಲು ನಡುಗುತ್ತೆ ಅಂದ್ರಿ!

ದರ್ಜಿ: ಮೆಲ್ಲಗೆ! ಗಿರಾಕಿಗಳು ಕೇಳಿಸ್ಕೊಂಡಾರು.

ಹೆಂಡತಿ: ಯಾವ ಗಿರಾಕಿ?

ಗಿರಾಕಿಗಳ ಬೆಂಚು ಖಾಲಿ ಹೊಡೆಯುತ್ತಿತ್ತು. ದೊಡ್ಡ ರಸ್ತೆಯ ರೆಡಿಮೇಡ್ ಅಂಗಡಿಯೇ ತನ್ನ ಅನ್ನಕ್ಕೆ ಕಲ್ಲು ಹಾಕಿತೆಂದು ದರ್ಜಿ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಹೀಗೇ ಇನ್ನೆರಡು ತಿಂಗಳಾದರೆ ಅಂಗಡಿಗೆ ಬೀಗವೇ.

ಹೆಂಡತಿ: ಹೋದ ಸಲ ಜ್ವರ ಬಂದು ಸತ್ತ ಮೂರು ಮರೀನ ಹಿತ್ತಲಲ್ಲಿ ಹೂತವಳು ನಾನು. ನೀವು ಮಿಷನ್ನಿಗೆ ಎಣ್ಣೆ ಬಿಡ್ತಾ ಕೂತಿದ್ರಿ. ಇನ್ನೊಂದು ಸಲ ನನ್ನ ಕೈಲಾಗಲ್ಲ.

ಆವತ್ತು ಮಿಷನ್ನಿಗೆ ಎಣ್ಣೆ ಬೇಕಿರಲಿಲ್ಲ, ದರ್ಜಿಗೆ ಅಳು ಬಂದಿತ್ತು. ಆದರೆ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

ದರ್ಜಿ: ಬದುಕಿದವಕ್ಕೆಲ್ಲ ಒಳ್ಳೆ ಮನೆ ಹುಡುಕಿ ಕೊಟ್ಟಿಲ್ವಾ ನಾನು?

ಅಷ್ಟರಲ್ಲಿ ಕಿಟಕಿಯಲ್ಲಿ ಹಳೆಯ ಗಿರಾಕಿ ಬಸ್ ಕಂಡಕ್ಟರನ ಅರ್ಧ ಮುಖ ಕಾಣಿಸಿತು.

ಕಂಡಕ್ಟರ್: ಒಳಗೆ ಮರಿ ಇಲ್ಲ ತಾನೆ?

ದರ್ಜಿ: ಇಲ್ಲ, ಬಾರಯ್ಯ. ವರ್ಷದಿಂದ ಪತ್ತೆ ಇಲ್ಲ, ನೀನೂ ಆ ರೆಡಿಮೇಡಿನವನ ಪಾಲಾದ್ಯಾ?

ಕಂಡಕ್ಟರ್: ಅವನ ಪ್ಯಾಂಟು ಸೊಂಟಕ್ಕೇ ನಿಲ್ಲಲ್ಲ. ಆದ್ರೆ ಬಟ್ಟೆ ಕೇಳಿದ್ರೆ ಬಟ್ಟೆ ಮಾತ್ರ ಕೊಡ್ತಾನೆ!

ದರ್ಜಿ: ಅಂದ್ರೆ?

ಕಂಡಕ್ಟರ್: ಅಂಗಿ ಹೊಲಿಸಿದೆ, ಒಂದು ಮರಿ ಕೊಟ್ಟೆ. ಪ್ಯಾಂಟ್ ಹೊಲಿಸಿದೆ, ಇನ್ನೊಂದು ಮರಿ. ಬೇಡ ಅಂದ್ರೆ ಪ್ಯಾಂಟೇ ಕೊಡ್ತಿರ್ಲಿಲ್ಲ ನೀನು! ಹರಿದದ್ದನ್ನೇ ಹಾಕ್ಕೊಂಡು ತಿರುಗ್ತಿದೆ ಬೀದಿ, ನಿನ್ನ ಹೊಸಿಲು ತುಳಿಯೋಕೆ ಹೆದರಿ.

ದರ್ಜಿ: ಏನೋ ಒಳ್ಳೇದಾಗ್ಲಿ ಅಂತ...

ಕಂಡಕ್ಟರ್: ಆಯ್ತಲ್ಲ! ನೀನು ಕೊಟ್ಟದ್ದು ಒಂದು ಗಂಡು, ಒಂದು ಹೆಣ್ಣು.

ಟವೆಲ್ ಮುಚ್ಚಿದ ಬುಟ್ಟಿಯೊಂದನ್ನು ಅವನು ಕಟಿಂಗ್ ಮೇಜಿನ ಮೇಲಿಟ್ಟ. ಟವೆಲ್ ಕುಂಯ್ ಅಂದಿತು.

ದರ್ಜಿ: ಇದೇನಪ್ಪಾ?

ಕಂಡಕ್ಟರ್: ನಿನ್ನ ಮೊಮ್ಮಕ್ಕಳು. ಹಾಲು ಬಿಟ್ಟಿವೆ, ಇನ್ನು ತಾತನ ಮನೇಲಿರ್ಲಿ.

ಆರು ಮೂತಿಗಳು ಹೊರಬಂದವು. ಒಂದು ಆಗಲೇ ಸೀಮೆಸುಣ್ಣ ಕಡಿಯತೊಡಗಿತು. ಹೆಂಡತಿ ಬೆರಳು ಮಡಿಚಿ ಆರನ್ನೂ ಎಣಿಸಿ, ಖಾಲಿ ಬೆಂಚಿನ ಕಡೆ ನೋಡಿದಳು. ಅವಳು ಬೈದರೆ ದರ್ಜಿ ತಾಳಿಯಾನು, ಈ ಲೆಕ್ಕ ತಾಳಲಾರ. ಗುಂಡಿಯನ್ನು ಬಾಚಿ ಎತ್ತಿಕೊಂಡವನೇ, ಕೊರಳಲ್ಲಿ ಅಳತೆ ಟೇಪು ಹಾರಿಸುತ್ತ ಓಟ ಕಿತ್ತ.

ದರ್ಜಿ: ನಿನ್ನ ನಾಯಿ ಎರಡನ್ನೂ ಎಳ್ಕೊಂಡು ಬಾರೋ! ವ್ಯಾನು ಹೊರಟುಬಿಡುತ್ತೆ!

ಸಂಜೆ ವೈದ್ಯೆಯೇ ಮಂಪರಿನಲ್ಲಿದ್ದ ಗುಂಡಿಯನ್ನು ತಂದು ಮಲಗಿಸಿದಳು. ದರ್ಜಿ ಕನ್ನಡಕ ಏರಿಸಿ ಗಾಯವನ್ನು ಪರೀಕ್ಷಿಸಿದ.

ದರ್ಜಿ: ಹೊಲಿಗೆ ಅಚ್ಚುಕಟ್ಟಾಗಿದೆ ತಾಯಿ. ನೋವಿದೆಯಾ ಅವಳಿಗೆ?

ವೈದ್ಯೆ: ಸ್ವಲ್ಪ. ಹತ್ತು ದಿನ ನೆಕ್ಕದ ಹಾಗೆ ನೋಡ್ಕೊಳ್ಳಿ. ಇನ್ಮೇಲೆ ಮೈ ಕೈ ತುಂಬ್ಕೋತಾಳೆ.

ದರ್ಜಿ: ಕಂಡಕ್ಟರನ ಗಂಡುನಾಯಿ? ಪಾಪ, ಅದಕ್ಕೆ ತುಂಬಾ ಕಷ್ಟ ಆಯ್ತಾ?

ವೈದ್ಯೆ: ಗಂಡಿಗೇನು ಕಷ್ಟ? ಸಣ್ಣ ಕೆಲಸ. ಮಂಪರು ಇಳೀತು, ಎದ್ದು ನೆಟ್ಟಗೆ ನಡ್ಕೊಂಡು ಹೋಯ್ತು.

ದರ್ಜಿ ಗಡಬಡಿಸಿ ಮಿಷನ್ನಿನ ಮುಂದೆ ಕೂತು, ಬಟ್ಟೆಯೇ ಇಲ್ಲದೆ ತುಳಿಯತೊಡಗಿದ.

ಹೆಂಡತಿ: ಕೇಳಿಸ್ತೇನ್ರೀ? ಕಾಲು ನಡುಗಲಿಲ್ವಂತೆ!